ಡಿಫ್ ಲಾಕ್ ಎಳೆಯುವ ಮುಂಚೆ ಗಾಡಿಯಿಂದ ಇಳಿಯಬೇಕು

ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಮನೆಯಿಂದ ಮೇಲಿನ ಬ್ಲಾಕಿಗೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ. ಜೂನ್ ಬಂತೆಂದರೆ ನೀರು ಹರಿದು ದಾರಿ ಮಧ್ಯದಲ್ಲೇ ಮೊಣಕಾಲುದ್ದ ಕೊರಕಲು ಬೀಳುತ್ತದೆ. ಗೊಬ್ಬರದ ಮೂಟೆ ಮೇಲೆ ಹೋಗಬೇಕು, ಆಳುಗಳು ಕೆಳಗೆ ಬರಬೇಕು. ಅದಕ್ಕೇ 2021ರ ಕೊನೆಯಲ್ಲಿ ಫೋರ್ಸ್ ಗೂರ್ಖಾ ಜೀಪು ತಗೊಂಡೆ. ಮುಂದಿನ ಆಕ್ಸಲ್‌ಗೊಂದು, ಹಿಂದಿನದಕ್ಕೊಂದು ಡಿಫರೆನ್ಷಿಯಲ್ ಲಾಕ್ (ಡಿಫ್ ಲಾಕ್, ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಲಾಕ್) ಅದರಲ್ಲಿ ಕಂಪನಿಯಿಂದಲೇ ಬರುತ್ತದೆ. ಸೀಟುಗಳ ನಡುವೆ ಲಿವರ್ ಇವೆ, ಕೈಯಲ್ಲಿ ಎಳೆದರೆ ಆಯಿತು.

ಎಳೆದರೆ ಆಯಿತು ಅಂತಲೇ ನಾನೂ ಅಂದುಕೊಂಡಿದ್ದೆ. ಮೊದಲ ಮಳೆಗಾಲದಲ್ಲಿ ಗಾಡಿ ಸಿಕ್ಕಿಹಾಕಿಕೊಂಡ ಮೇಲೆ, ಚಕ್ರ ಗರಗರ ತಿರುಗುತ್ತಿರುವಾಗಲೇ ಲಿವರ್ ಎಳೆದೆ. ಕೆಳಗಿಂದ ಕಟಾರ್ ಅಂತ ಸದ್ದು ಬಂತು. ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದರು. "ಹಲ್ಲು ಉದುರಿಸ್ಬೇಕು ಅಂತ ಮಾಡಿದೀಯೇನೋ ಮಾರಾಯ? ಆಕ್ಸಿಲರೇಟರ್ ಬಿಡು ಮೊದ್ಲು!" ಅಂತ ಬೈದರು.

ಚಿಕ್ಕಪ್ಪನಿಗೆ ಜೀಪಿನ ಹುಚ್ಚೇನೂ ಇಲ್ಲ. ಆದರೆ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿ ವರ್ಷಗಟ್ಟಲೆ ಅನುಭವ. ಟ್ರ್ಯಾಕ್ಟರಿನಲ್ಲೂ ಇದೇ ಲಾಕ್ ಇದೆ, ಕಾಲಲ್ಲಿ ಒತ್ತುವ ಪೆಡಲ್. ಕೆಸರಲ್ಲಿ ನೇರ ಹೋಗುವಾಗ ಒತ್ತುತ್ತಾರೆ, ಬದು ಹತ್ತಿರ ಬಂದು ತಿರುಗಿಸುವ ಮುಂಚೆ ಬಿಡುತ್ತಾರೆ. ನನ್ನ ಅರ್ಧ ಪಾಠ ಅಲ್ಲೇ ಇತ್ತು.

ಡಿಫರೆನ್ಷಿಯಲ್ ಅಂದರೆ ಏನು ಅಂತ ಅವರು ಹೇಳಿದ್ದು ನೊಗದ ಲೆಕ್ಕದಲ್ಲಿ. ನೊಗವನ್ನು ನಡುವೆ ಕಟ್ಟಿರುತ್ತಾರೆ. ಒಂದು ಎತ್ತು ಎಳೆಯದೆ ನಿಂತರೆ ಇನ್ನೊಂದು ಎಷ್ಟು ಎಳೆದರೂ ನೊಗ ಓರೆಯಾಗುತ್ತದೆ, ಗಾಡಿ ಮುಂದೆ ಹೋಗಲ್ಲ. ಚಕ್ರವೂ ಹಾಗೇ. ಎರಡಕ್ಕೂ ಸಿಗುವ ಎಳೆತ ಸಮ. ಗಾಳಿಯಲ್ಲಿ ತೇಲುವ ಚಕ್ರ ತಿರುಗಲು ಬೇಕಾದ ಬಲ ತೀರಾ ಕಡಿಮೆ, ಹಾಗಾಗಿ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಕೊರಕಲಲ್ಲಿ ಎಡಗಡೆ ಮುಂದಿನದು, ಬಲಗಡೆ ಹಿಂದಿನದು ಎರಡೂ ಎದ್ದರೆ ಫೋರ್ ವೀಲ್ ಡ್ರೈವ್ ಇದ್ದೂ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಲಾಕ್ ಹಾಕಿದರೆ ಎರಡು ಚಕ್ರವೂ ಒಂದೇ ಕಬ್ಬಿಣದ ಸರಳಿಗೆ ಬೆಸುಗೆ ಹಾಕಿದ ಹಾಗೆ. ಹಿಡಿತ ಇರುವ ಚಕ್ರ ಗಾಡಿಯನ್ನು ಎತ್ತಿಬಿಡುತ್ತದೆ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಕೊರಕಲಿಗೆ ಇನ್ನೂ ಇಪ್ಪತ್ತು ಅಡಿ ಇರುವಾಗಲೇ ನಿಲ್ಲಿಸಿ ಇಳಿದು ನಡೆದು ನೋಡುತ್ತೇನೆ. (ಇಂಬಳ ಹತ್ತುತ್ತೆ, ಹತ್ತಲಿ.) ಯಾವ ಚಕ್ರ ಎಲ್ಲಿ ಏಳಬಹುದು, ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದಾ ಅಂತ ಲೆಕ್ಕ ಹಾಕುತ್ತೇನೆ. ಹೊಟ್ಟೆ ಮಣ್ಣಿನ ದಿಬ್ಬದ ಮೇಲೆ ಕೂತು ನಾಲ್ಕೂ ಚಕ್ರ ನೇತಾಡಿದರೆ ಲಾಕ್ ಇದ್ದರೂ ಸುಖ ಇಲ್ಲ, ಗುದ್ದಲಿಯೇ ಗತಿ. ಆಮೇಲೆ ಗಾಡಿ ನಿಂತಿರುವಾಗಲೇ ಫೋರ್ ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಜಾಸ್ತಿ ಬಲದಲ್ಲಿ ಎಳೆಯುವ ಗೇರು) ಹಾಕಿ ಹಿಂದಿನ ಲಾಕ್ ಎಳೆಯುತ್ತೇನೆ. ಲಿವರ್ ಮೇಲೆ ಬಂತು ಅಂದರೆ ಲಾಕ್ ಬಿತ್ತು ಅಂತಲ್ಲ. ಒಳಗಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂರಬೇಕು. ಫಸ್ಟ್ ಗೇರಲ್ಲಿ ಎರಡಡಿ ತೆವಳಿಸಿ ಸ್ಟೀರಿಂಗ್ ಸ್ವಲ್ಪ ಆಚೆ ಈಚೆ ಆಡಿಸಿದರೆ ಟಕ್ ಅಂತ ಕೂರುತ್ತದೆ. ಲಾಕ್ ಬಿತ್ತು ಅಂತ ತೋರಿಸುವ ದೀಪ ಇರುವ ಗಾಡಿಗಳಲ್ಲೂ ಹೀಗೇ, ಈ ಎರಡಡಿ ತೆವಳಿದ ಮೇಲೆಯೇ ದೀಪ ನಂಬಬೇಕು. ಅಲ್ಲಿಂದ ಆಕ್ಸಿಲರೇಟರ್ ಒಂದೇ ಸಮ. ಗಾಡಿ ನಿಧಾನಕ್ಕೆ, ಮುದುಕರು ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತದೆ.

ಮುಂದಿನ ಲಾಕನ್ನು ಇಷ್ಟು ಮಳೆಗಾಲದಲ್ಲಿ ನಾಲ್ಕೈದು ಸಲ ಎಳೆದಿದ್ದರೆ ಜಾಸ್ತಿ. ಅದು ಬಿದ್ದ ಮೇಲೆ ಸ್ಟೀರಿಂಗ್ ಕಲ್ಲಾಗುತ್ತದೆ. ಎರಡು ಮುಂಚಕ್ರವೂ ಒಂದೇ ವೇಗದಲ್ಲಿ ಓಡಿದರೆ ತಿರುಗುವುದು ಹೇಗೆ ಹೇಳಿ? ಪೂರ್ತಿ ತಿರುಗಿಸಿ ಒತ್ತಾಯ ಮಾಡಿದರೆ ಮುಂಚಕ್ರವನ್ನು ತಿರುಗಿಸುವ ಆಕ್ಸಲಿನ ಜಾಯಿಂಟಿಗೇ ಏಟು. ಹಿಂದಿನದು ಸಾಲದಿದ್ದಾಗ ಮಾತ್ರ, ನೇರ ಹತ್ತುವಾಗ ಮಾತ್ರ.

ಪಕ್ಕದ ತೋಟದವರ ಹಳೆ ಥಾರ್ ಜೀಪಿನಲ್ಲಿ ತಾನೇ ಬೀಳುವ ಲಾಕ್ ಇದೆ. ಅದಕ್ಕೆ ಲಿವರ್ ಇಲ್ಲ. ಎಡ ಬಲ ಚಕ್ರದ ವೇಗದಲ್ಲಿ ನಿಮಿಷಕ್ಕೆ 100 ಸುತ್ತಿನಷ್ಟು ವ್ಯತ್ಯಾಸ ಬಂದಾಗ ಹಿಡಿಯುತ್ತದೆ. ಅಲ್ಲಿ ಚಕ್ರ ಸ್ವಲ್ಪ ಜಾರಿದ ಕೂಡಲೇ ಹೆದರಿ ಕಾಲು ತೆಗೆದರೆ ಲಾಕ್ ಬೀಳುವುದೇ ಇಲ್ಲ. ನನ್ನ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ಹಾಗಾಗಿ ನಿಮ್ಮ ಗಾಡಿಯ ಲಾಕ್ ಯಾವ ಥರದ್ದು ಅಂತ ಮೊದಲು ತಿಳಿದುಕೊಳ್ಳಿ.

ಇನ್ನು ನನ್ನ ಪೆಟ್ಟಿನ ಕಥೆ. ಎರಡನೇ ಮಳೆಗಾಲ. ಏರು ಹತ್ತಿ ಮುಗಿದಿತ್ತು. ಮುಂದೆ ದಾರಿ ಗುಡ್ಡದ ಪಕ್ಕೆಯಲ್ಲಿ ಅಡ್ಡ ಹೋಗುತ್ತದೆ, ಎಡಗಡೆ ಇಳಿಜಾರು. ಜಿಗಟು ಮಣ್ಣಿನ ಮೇಲೆ ಒದ್ದೆ ಎಲೆ. ಲಾಕ್ ಇದ್ದರೆ ಹಿಡಿತ ಜಾಸ್ತಿ ಅಲ್ವಾ, ಇರಲಿ ಅಂತ ಹಾಗೇ ಬಿಟ್ಟಿದ್ದೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟದ್ದೇ ತಡ, ಹಿಂದಿನ ಎರಡು ಚಕ್ರವೂ ಒಟ್ಟಿಗೆ ಸುತ್ತಿದವು. ಗಾಡಿಯ ಹಿಂಭಾಗ ಸುಮ್ನೆ, ಸದ್ದೇ ಇಲ್ಲದೆ ಕೆಳಗೆ ಜಾರಿತು. ಒಂದು ಸಿಲ್ವರ್ ಓಕ್ ಮರ ತಡೆಯಿತು. ಅದಿಲ್ಲದಿದ್ದರೆ ಹಳ್ಳದಲ್ಲಿರುತ್ತಿದ್ದೆ.

ಯಾಕೆ ಹೀಗಾಯಿತು ಅಂತ ಆಮೇಲೆ ಅರ್ಥವಾಯಿತು. ಲಾಕ್ ಇಲ್ಲದಿದ್ದರೆ ಒಂದು ಚಕ್ರ ಸುತ್ತುತ್ತಿರುತ್ತದೆ, ಇನ್ನೊಂದು ಸುತ್ತದೆ ನೆಲ ಕಚ್ಚಿಕೊಂಡು ಗಾಡಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಲಾಕ್ ಇದ್ದರೆ ಎರಡೂ ಒಟ್ಟಿಗೆ ಹಿಡಿತ ಬಿಡುತ್ತವೆ. ಸುತ್ತುವ ಚಕ್ರಕ್ಕೆ ಪಕ್ಕದ ಹಿಡಿತ ಇರುವುದಿಲ್ಲ. ಏರಿನಲ್ಲಿ ಕಾಪಾಡಿದ್ದೇ ಅಡ್ಡ ಇಳಿಜಾರಿನಲ್ಲಿ ಕೈಕೊಟ್ಟಿತು.

ಎಳೆದು ತೆಗೆದದ್ದು ಚಿಕ್ಕಪ್ಪನ ಟ್ರ್ಯಾಕ್ಟರ್. ಮೊದಲು ಮೇಲ್ಗಡೆಯ ಮರಕ್ಕೆ ಅಗಲ ಪಟ್ಟಿ ಸುತ್ತಿ, ಗಾಡಿ ಇನ್ನೂ ಜಾರದ ಹಾಗೆ ಹಿಂಭಾಗವನ್ನು ಕಟ್ಟಿದೆವು. ಎಳೆಯುವ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿದೆವು, ತುಂಡಾದರೆ ಹಾರಿ ಹೊಡೆಯಬಾರದು ಅಂತ. ನೋಡಲು ಬಂದ ಹುಡುಗರನ್ನೆಲ್ಲ ಚಿಕ್ಕಪ್ಪ ದೂರ ಓಡಿಸಿದರು.

ಲಾಕ್ ಬಿಡಿಸುವುದರಲ್ಲೂ ಒಂದು ಕಿರಿಕಿರಿ ಇದೆ. ಲಿವರ್ ಇಳಿಸಿದರೂ ಆಕ್ಸಲಿನಲ್ಲಿ ಬಿಗಿತ ಇದ್ದರೆ ಹಲ್ಲು ಬಿಟ್ಟುಕೊಳ್ಳಲ್ಲ. ಎರಡಡಿ ನೇರ ಹಿಂದೆ ತಗೊಂಡರೆ ಬಿಡುತ್ತದೆ. ಒಮ್ಮೆ ಇದನ್ನು ಮರೆತು ಹಾಗೇ ಟಾರ್ ರಸ್ತೆಗೆ ಬಂದೆ. ಮೊದಲ ತಿರುವಿನಲ್ಲೇ ಟೈರ್ ಕುಯ್ಯೋ ಅಂತು, ಗಾಡಿ ತಿರುಗುವ ಬದಲು ನೇರ ಹೋಗಲು ನೋಡಿತು. ಅದೇ ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ, ಎದುರಿಗೆ ಟ್ಯಾಂಕರ್ ಬರುವಾಗ ಆಗಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅವತ್ತಿಂದ ಲಾಕ್ ಎಳೆದ ಕೂಡಲೇ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟುತ್ತೇನೆ. ಲಾಕ್ ಬಿಟ್ಟ ಮೇಲೇ ಬಿಚ್ಚುವುದು. ಮೊದಲ ಸಲ ನೋಡಿದಾಗ ಹೆಂಡತಿ, "ಇದೇನ್ರೀ, ಗಾಡಿಗೆ ದೃಷ್ಟಿ ಆಗುತ್ತೆ ಅಂತಾನಾ?" ಅಂತ ಕೇಳಿದಳು. ಹೌದು ಅಂದುಬಿಟ್ಟೆ.