ರೇಷ್ಮೆಗೂಡಿನ ಒಂದು ರೂಪಾಯಿ ಊರಿನಲ್ಲಿ ಎಷ್ಟು ಉಳಿಯುತ್ತದೆ?

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ನನ್ನ ಬಳಿ ಬಂದು, ರಾಮನಗರದ ರೇಷ್ಮೆ ಉದ್ಯಮವು ಆ ಜಿಲ್ಲೆಯ ಆರ್ಥಿಕತೆಗೆ ಎಷ್ಟು ಆಧಾರವಾಗಿದೆ ಎಂಬುದನ್ನು ಲೆಕ್ಕ ಹಾಕಿ ಕೊಡಬೇಕೆಂದು ಕೇಳಿದರು. ಅವರ ಕೈಯಲ್ಲಿ ಆಗಲೇ ಒಂದು ಮೊತ್ತವಿತ್ತು. ಗೂಡಿನ ಮಾರುಕಟ್ಟೆಯ ವಾರ್ಷಿಕ ವಹಿವಾಟಿಗೆ ಕಚ್ಚಾ ರೇಷ್ಮೆಯ ಮಾರಾಟವನ್ನೂ, ಅದರ ಮೇಲೆ ಆ ರೇಷ್ಮೆಯಿಂದ ನೇಯ್ದ ಸೀರೆಗಳ ಅಂದಾಜು ಬೆಲೆಯನ್ನೂ ಕೂಡಿಸಿ ಅದನ್ನು ಪಡೆದಿದ್ದರು. ಅದನ್ನು ದೃಢಪಡಿಸಿದರೆ ಸಾಕೆಂಬುದು ಅವರ ನಿರೀಕ್ಷೆಯಾಗಿತ್ತು. ಆ ಕೂಡಿಕೆಯಲ್ಲಿ ಒಂದೇ ಗೂಡು ಮೂರು ಸಲ ಎಣಿಕೆಯಾಗಿದೆ ಎಂದು ತೋರಿಸುವುದೇ ನನ್ನ ಮೊದಲ ಕೆಲಸವಾಯಿತು.

ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕವನ್ನು ಇಲ್ಲಿಯೂ ಕೊಡುತ್ತೇನೆ. ಇದರಲ್ಲಿನ ಬೆಲೆಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳು ಕಿಲೋ ಗೂಡು ಬೇಕು, ಅಂದರೆ ರೆಂಡಿಟಾ ಏಳು ಎಂದುಕೊಳ್ಳೋಣ. ಕಿಲೋಗೆ 500 ರೂಪಾಯಿಯಂತೆ ರೈತನಿಗೆ 3500 ರೂಪಾಯಿ ಬರುತ್ತದೆ. ಅದರಲ್ಲಿ ಮೊಟ್ಟೆ ಅಥವಾ ಚಾಕಿ ಹುಳು (ಮೊದಲ ಹಂತಗಳಲ್ಲಿ ಸಾಕಿ ಕೊಟ್ಟ ಮರಿಹುಳು), ಗೊಬ್ಬರ, ಸೋಂಕು ನಿವಾರಕ, ಹುಳು ಗೂಡು ಕಟ್ಟುವ ಚಂದ್ರಿಕೆ ಇತ್ಯಾದಿಗಳಿಗೆ ಹೊರಗೆ ಕೊಟ್ಟದ್ದು 1100 ರೂಪಾಯಿ ಎಂದಾದರೆ ರೈತನ ಹಂತದಲ್ಲಿ ಹೊಸದಾಗಿ ಸೇರಿದ ಮೌಲ್ಯ 2400 ರೂಪಾಯಿ. ಗೂಡು ಕೊಂಡು ನೂಲು ಬಿಚ್ಚುವ ರೀಲರ್ ಅದರಿಂದ ರೇಷ್ಮೆ, ಪ್ಯೂಪ (ಗೂಡಿನೊಳಗಿನ ಹುಳು) ಮತ್ತು ತ್ಯಾಜ್ಯ ಎಲ್ಲ ಸೇರಿ 4250 ರೂಪಾಯಿ ಪಡೆಯುತ್ತಾನೆ. ಅದರಲ್ಲಿ 3500 ರೂಪಾಯಿ ಗೂಡಿಗೆ, 150 ರೂಪಾಯಿ ಸೌದೆ, ನೀರು, ವಿದ್ಯುತ್ತಿಗೆ ಹೋದರೆ ಉಳಿಯುವುದು 600 ರೂಪಾಯಿ. ಕೂಲಿ, ಬಡ್ಡಿ, ಲಾಭ ಎಲ್ಲವೂ ಬರಬೇಕಾದದ್ದು ಆ 600 ರೂಪಾಯಿಯೊಳಗೆ. ವಹಿವಾಟುಗಳನ್ನು ಕೂಡಿಸಿದರೆ 7750 ರೂಪಾಯಿ ಆಗುತ್ತದೆ, ಎರಡು ಹಂತಗಳಲ್ಲಿ ನಿಜವಾಗಿ ಹುಟ್ಟಿದ ಮೌಲ್ಯ ಮಾತ್ರ 3000 ರೂಪಾಯಿ. ಸೀರೆಯ ಬೆಲೆಯನ್ನೂ ಸೇರಿಸಿದ್ದರೆ ಇನ್ನೊಂದು ತಪ್ಪಾಗುತ್ತಿತ್ತು, ಏಕೆಂದರೆ ಇಲ್ಲಿಯ ನೂಲಿನ ದೊಡ್ಡ ಪಾಲು ಕಾಂಚೀಪುರ, ಧರ್ಮಾವರ, ವಾರಾಣಸಿಯಂಥ ಊರುಗಳ ಮಗ್ಗಗಳಿಗೆ ಹೋಗುತ್ತದೆ ಮತ್ತು ನೇಯ್ಗೆಯ ಕೂಲಿ ಆ ಊರುಗಳ ಆದಾಯವೇ ಹೊರತು ರಾಮನಗರದ್ದಲ್ಲ.

ಇದರಿಂದಲೇ ಗಡಿಯ ಪ್ರಶ್ನೆ ಎದ್ದಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಚನೆಯಾದ, ಈಗ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದಿರುವ ಜಿಲ್ಲೆಯನ್ನೇ ನಾನು ಗಡಿಯಾಗಿ ಇಟ್ಟುಕೊಂಡೆ. ಮಾರುಕಟ್ಟೆಗೆ ಗೂಡು ಬರುವುದು ಈ ತಾಲ್ಲೂಕುಗಳಿಂದ ಮಾತ್ರವಲ್ಲ, ನೆರೆಯ ಜಿಲ್ಲೆಗಳಿಂದಲೂ ಆಂಧ್ರಪ್ರದೇಶ ಮತ್ತು ತಮಿಳುನಾಡಿನಿಂದಲೂ ಬರುತ್ತದೆ. ಹೊರಗಿನಿಂದ ಬಂದ ಲಾಟಿಗೆ (ಹರಾಜಿಗಿಟ್ಟ ಗೂಡಿನ ರಾಶಿಗೆ) ಕೊಟ್ಟ ಹಣದ ಬಹುಭಾಗ ಅದೇ ದಿನ ಜಿಲ್ಲೆಯನ್ನು ಬಿಟ್ಟು ಹೋಗುತ್ತದೆ. ಆದ್ದರಿಂದ ಲಾಟುಗಳನ್ನು ರೈತನ ಊರಿನ ಪ್ರಕಾರ ಬೇರ್ಪಡಿಸದೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿರಲಿಲ್ಲ. ಬೇಸರ ತರಿಸುವ ಕೆಲಸವಾದರೂ ಇಡೀ ಅಧ್ಯಯನದಲ್ಲಿ ಉತ್ತರವನ್ನು ಹೆಚ್ಚು ಬದಲಿಸಿದ್ದು ಅದೇ.

ಸರ್ಕಾರಿ ಅಂಕಿಅಂಶಗಳು ನೆರವಾದವು, ಆದರೆ ಒಂದೆಡೆ ಸಿಗಲಿಲ್ಲ. ರಾಷ್ಟ್ರೀಯ ಲೆಕ್ಕಪತ್ರಗಳಲ್ಲಿ ರೇಷ್ಮೆಗೂಡು ಜಾನುವಾರು ಉತ್ಪನ್ನಗಳ ಗುಂಪಿನಲ್ಲಿ ಜೇನಿನ ಜೊತೆಗೆ ಕುಳಿತಿದೆ, ನೂಲು ಬಿಚ್ಚಾಣಿಕೆ ತಯಾರಿಕಾ ವಲಯದಲ್ಲಿದೆ, ಮಾರಾಟ ವ್ಯಾಪಾರದಲ್ಲಿದೆ. ಬೆಳೆಗಾರ ಮತ್ತು ರೀಲರ್ ಒಂದೇ ಹರಾಜು ಕಟ್ಟೆಯಲ್ಲಿ ಎದುರುಬದುರು ನಿಂತರೂ ಕೋಷ್ಟಕದಲ್ಲಿ ಅವರು ಭೇಟಿಯಾಗುವುದೇ ಇಲ್ಲ. ವಾರ್ಷಿಕ ಕೈಗಾರಿಕಾ ಸಮೀಕ್ಷೆಯು ವಿದ್ಯುತ್ ಬಳಸುವ ಕಾರ್ಖಾನೆಗಳಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವವನ್ನು, ಬಳಸದವುಗಳಲ್ಲಿ ಇಪ್ಪತ್ತು ಅಥವಾ ಹೆಚ್ಚು ಜನರಿರುವವನ್ನು ಆಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಮನೆಯ ಹಿತ್ತಲಿನಲ್ಲಿ ಕೈಯಿಂದ ತಿರುಗಿಸಿ ನೂಲು ತೆಗೆಯುವ ಚರಕಗಳೂ, ಬಿಸಿನೀರಿನ ತೊಟ್ಟಿಯಲ್ಲಿಟ್ಟ ಗೂಡಿನಿಂದ ನೂಲು ಬಿಚ್ಚುವ ಸಣ್ಣ ಕಾಟೇಜ್ ಬೇಸಿನ್‌ಗಳೂ ಆ ಜರಡಿಯಲ್ಲಿ ನಿಲ್ಲುತ್ತಿರಲಿಲ್ಲ. ಅದೃಷ್ಟವಶಾತ್ 1959ರ ಕರ್ನಾಟಕ ರೇಷ್ಮೆಹುಳು ಬಿತ್ತನೆ, ಗೂಡು ಮತ್ತು ನೂಲು ನಿಯಂತ್ರಣ ಕಾಯ್ದೆಯ ಪ್ರಕಾರ ಗೂಡು ಕೊಳ್ಳಲು ರೀಲರ್‌ಗೆ ಪರವಾನಗಿ ಬೇಕು. ಆ ಪರವಾನಗಿದಾರರ ಪಟ್ಟಿಯೇ ನನ್ನ ಮಾದರಿ ಸಮೀಕ್ಷೆಗೆ ಆಧಾರವಾಯಿತು. ಚರಕ, ಕಾಟೇಜ್ ಬೇಸಿನ್, ಸ್ವಯಂಚಾಲಿತ ಯಂತ್ರ ಎಂದು ಮೂರು ಗುಂಪು ಮಾಡಿ ಪ್ರತಿಯೊಂದರಿಂದ ಘಟಕಗಳನ್ನು ಆರಿಸಿದೆ, ಏಕೆಂದರೆ ಒಂದು ಕಿಲೋ ನೂಲಿಗೆ ತಗಲುವ ಆಳುದಿನಗಳು ಈ ಮೂರರಲ್ಲಿ ಬೇರೆ ಬೇರೆ.

ಕೆಲಸಗಾರರ ಮನೆಯ ಖರ್ಚನ್ನು ಅಳೆಯುವಾಗ ನಾನು ಮೊದಲು ಎಡವಿದೆ. ‘ತಿಂಗಳಿಗೆ ಮನೆಗೆ ಎಷ್ಟು ಖರ್ಚು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ಬೇಸಿನ್ ಮುಂದೆ ಕುಳಿತ ಹೆಂಗಸರು ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ‘ಬಂದಂಗೆ ಹೋಗ್ತದೆ ಸಾರ್, ಬರೆದಿಟ್ಟೋರು ಯಾರು?’ ಎಂದರು ಒಬ್ಬರು. ನನ್ನ ಸಹಾಯಕಿ ಉರ್ದುವಿನಲ್ಲಿ ಮಾತಿಗೆ ಕುಳಿತು ಪ್ರಶ್ನೆಯನ್ನೇ ತಿರುಗಿಸಿದರು: ಹೋದ ವಾರ ಬಟವಾಡೆ ಆದ ಮೇಲೆ ಮೊದಲು ಎಲ್ಲಿಗೆ ಹೋದಿರಿ, ಅಲ್ಲಿ ಎಷ್ಟು ಕೊಟ್ಟಿರಿ, ಆಮೇಲೆ ಎಲ್ಲಿಗೆ? ಆಗ ದಿನಸಿ ಅಂಗಡಿಯ ಉದ್ರಿ, ಮಗುವಿನ ಟ್ಯೂಷನ್, ಬಾಡಿಗೆ, ಔಷಧಿ, ಬೆಂಗಳೂರಿನಲ್ಲಿ ಕೊಂಡ ಬಟ್ಟೆ ಎಲ್ಲವೂ ಒಂದೊಂದಾಗಿ ಹೊರಬಂದವು. ಅದಾದ ಮೇಲೆಯೇ ನನಗೆ ಇನ್ನೊಂದು ವಿಷಯ ಹೊಳೆದದ್ದು. ಮಾಲೀಕರ ಪುಸ್ತಕದಲ್ಲಿ ಬರೆದ ಕೂಲಿ ಹಲವೆಡೆ ಮುಂಗಡ ಮುರಿದುಕೊಂಡ ನಂತರದ ಮೊತ್ತವಾಗಿತ್ತು. ಅದನ್ನೇ ಕೂಲಿ ಎಂದು ತೆಗೆದುಕೊಂಡರೆ ದುಡಿಮೆಯ ಪಾಲು ಕಡಿಮೆಯಾಗಿ, ಮಾಲೀಕನ ಲಾಭ ಹೆಚ್ಚಾಗಿ ಕಾಣುತ್ತದೆ. ಪ್ರತಿ ಘಟಕಕ್ಕೂ ಮತ್ತೆ ಹೋಗಿ ಮುರಿದುಕೊಂಡದ್ದನ್ನು ಸೇರಿಸಿ ಬರೆದೆವು. ಮುಂಗಡದಲ್ಲಿ ಸಿಕ್ಕಿಕೊಂಡ ದುಡಿಮೆಯನ್ನು ‘ಸೃಷ್ಟಿಯಾದ ಉದ್ಯೋಗ’ ಎಂಬ ಒಂದೇ ಅಂಕಣದಲ್ಲಿ ತುಂಬಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಅಂಕಣ ಕೊಟ್ಟೆ.

ಮುಂದಿನದು ಗುಣಕದ ಲೆಕ್ಕ, ಅಂದರೆ ಒಂದು ರೂಪಾಯಿ ಆದಾಯ ಕೈಯಿಂದ ಕೈಗೆ ಹೋಗಿ ಕೊನೆಗೆ ಊರಿನಲ್ಲಿ ಒಟ್ಟು ಎಷ್ಟು ಆದಾಯವಾಗುತ್ತದೆ ಎಂಬುದು. ಒಂದು ಉದ್ಯಮದ ಬೇಡಿಕೆ ಇತರ ಉದ್ಯಮಗಳಿಗೆ ಹೇಗೆ ಹರಡುತ್ತದೆ ಎಂಬುದನ್ನು ಕೋಷ್ಟಕವಾಗಿ ಬರೆಯುವ ಕ್ರಮವನ್ನು ರೂಪಿಸಿ 1973ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ವಾಸಿಲಿ ಲಿಯೊಂಟಿಫ್. ಅಂಥ ಕೋಷ್ಟಕ ಇಡೀ ದೇಶಕ್ಕೆ ಇದೆ. ಅದನ್ನು ಜಿಲ್ಲೆಗೆ ಇಳಿಸಲು ಜಿಲ್ಲೆಯ ಉದ್ಯೋಗದಲ್ಲಿ ಒಂದು ವಲಯದ ಪಾಲನ್ನು ದೊಡ್ಡ ಪ್ರದೇಶದಲ್ಲಿ ಅದೇ ವಲಯದ ಪಾಲಿನಿಂದ ಭಾಗಿಸುವ ಸ್ಥಾನಿಕ ಅನುಪಾತವನ್ನು ಬಳಸುವುದುಂಟು. ಈ ಸರಳ ವಿಧಾನ ಚಿಕ್ಕ ಪ್ರದೇಶಗಳಲ್ಲಿ ಗುಣಕವನ್ನು ಹಿಗ್ಗಿಸುತ್ತದೆ. ಊರಿನಲ್ಲೇ ಸಿಗುತ್ತದೆಂದು ಅದು ಊಹಿಸಿದ ಸರಕು ವಾಸ್ತವದಲ್ಲಿ ಬೆಂಗಳೂರಿನಿಂದ ಬಂದಿರುತ್ತದೆ. ಒಂದು ರೂಪಾಯಿ ಆದಾಯದಲ್ಲಿ 40 ಪೈಸೆ ಮತ್ತೆ ಸ್ಥಳೀಯರ ಆದಾಯವಾಗುತ್ತದೆ ಎಂದುಕೊಂಡರೆ ಮೇಲಿನ ಉದಾಹರಣೆಯ 3000 ರೂಪಾಯಿ ಕೊನೆಗೆ 5000 ಆಗುತ್ತದೆ, 25 ಪೈಸೆ ಎಂದುಕೊಂಡರೆ 4000 ಮಾತ್ರ. ಹದಿನೈದು ಪೈಸೆಯ ಊಹೆಯ ಮೇಲೆ ಸಾವಿರ ರೂಪಾಯಿ ನಿಂತಿದೆ. ಹೀಗಾಗಿ ಆ ಪೈಸೆಯನ್ನು ಸೂತ್ರದಿಂದ ಪಡೆಯದೆ, ಬಟವಾಡೆಯ ಹಿಂದೆ ನಡೆದು ಸಂಗ್ರಹಿಸಿದ ಖರ್ಚಿನ ವಿವರದಿಂದಲೇ ತೆಗೆದೆ. ದಿನಸಿ ಅಂಗಡಿಯಲ್ಲಿ ಕೊಟ್ಟ ಹಣದಲ್ಲೂ ಅಂಗಡಿಯವರ ಲಾಭ, ಬಾಡಿಗೆ ಮತ್ತು ಕೂಲಿಯನ್ನು ಮಾತ್ರ ಸ್ಥಳೀಯವೆಂದು ಎಣಿಸಿದೆ.

ಇಷ್ಟಾದರೂ ಉಳಿದ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು: ರೇಷ್ಮೆ ಇಲ್ಲದಿದ್ದರೆ ಏನಾಗುತ್ತಿತ್ತು? ಹಿಪ್ಪುನೇರಳೆ ತೋಟದ ನೆಲ ಪಾಳು ಬೀಳುತ್ತಿರಲಿಲ್ಲ. ಅಲ್ಲಿ ತೆಂಗೋ, ಮಾವೋ, ತರಕಾರಿಯೋ ಬರುತ್ತಿತ್ತು. ಆದ್ದರಿಂದ ರೈತನ 2400 ರೂಪಾಯಿಯಿಂದ ಅದೇ ನೆಲ, ಅದೇ ನೀರು ಬೇರೆ ಬೆಳೆಯಲ್ಲಿ ಕೊಡಬಹುದಾಗಿದ್ದ ಆದಾಯವನ್ನು ಕಳೆಯಲೇಬೇಕು. ಹಾಗೆ ಕಳೆದರೆ ಉದ್ಯಮವನ್ನು ಕುಗ್ಗಿಸಿ ತೋರಿಸಿದಂತಾಗುತ್ತದೆ ಎಂದು ನನ್ನನ್ನು ಕರೆಸಿದವರು ನೊಂದುಕೊಂಡರು. ಆದರೆ ವರ್ಷಕ್ಕೆ ಐದಾರು ಬೆಳೆ ತೆಗೆದು ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ಕೈಗೆ ಹಣ ಬರುವ ಅನುಕೂಲವನ್ನು ವರ್ಷಕ್ಕೊಮ್ಮೆ ಫಲ ಕೊಡುವ ಮಾವಿನೊಂದಿಗೆ ಹೋಲಿಸಿದಾಗಲೇ ರೇಷ್ಮೆಯ ನಿಜವಾದ ಬಲ ಗೊತ್ತಾಗುವುದು. ವಹಿವಾಟಿನ ಮೊತ್ತದಲ್ಲಿ ಆ ಬಲ ಕಾಣುವುದೇ ಇಲ್ಲ.

ಸರ್ಕಾರದ ನೀತಿಯ ಪರಿಣಾಮವನ್ನೂ ನೋಡಬೇಕಿತ್ತು. ಕೇಂದ್ರ ಸರ್ಕಾರ 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿ, 2013ರಲ್ಲಿ ಅದನ್ನು 15ಕ್ಕೆ ಏರಿಸಿತು. ಸುಂಕ ಇಳಿಯುವ ಮುಂಚಿನ ಮತ್ತು ಇಳಿದ ನಂತರದ ಗೂಡಿನ ದರಗಳನ್ನು ಪಕ್ಕಪಕ್ಕದಲ್ಲಿಟ್ಟು ಕುಸಿತವನ್ನೆಲ್ಲ ಸುಂಕದ ತಲೆಗೆ ಕಟ್ಟುವುದು ಸುಲಭ. ಆದರೆ ದರವು ಋತುವಿನೊಂದಿಗೆ, ಮದುವೆಯ ಕಾಲದೊಂದಿಗೆ, ಗೂಡಿನ ಆವಕದೊಂದಿಗೆ ಏರಿಳಿಯುತ್ತದೆ. ಆದ್ದರಿಂದ ಅದಕ್ಕೆ ಹಿಂದಿನ ವರ್ಷಗಳ ಅದೇ ತಿಂಗಳುಗಳ ದರದೊಂದಿಗೆ ಹೋಲಿಸಿದೆ. ಜೊತೆಗೆ ಮಳೆ ಮತ್ತು ನೀರಾವರಿಯಲ್ಲಿ ಈ ಜಿಲ್ಲೆಯ ತಾಲ್ಲೂಕುಗಳನ್ನೇ ಹೋಲುವ, ಆದರೆ ರೇಷ್ಮೆ ವಿರಳವಾದ ತಾಲ್ಲೂಕುಗಳಲ್ಲಿ ಅದೇ ಅವಧಿಯಲ್ಲಿ ಕೃಷಿ ಆದಾಯ ಎತ್ತ ಸಾಗಿತ್ತೆಂದು ನೋಡಿ, ಎರಡು ಗುಂಪುಗಳ ಬದಲಾವಣೆಯ ವ್ಯತ್ಯಾಸವನ್ನು ಮಾತ್ರ ನೀತಿಯ ಪರಿಣಾಮವೆಂದು ಬರೆದೆ.

ಕೊನೆಗೆ ನಾನು ಕೊಟ್ಟದ್ದು ಒಂದು ಸಂಖ್ಯೆಯಲ್ಲ, ಕೆಳಮಿತಿ ಮತ್ತು ಮೇಲ್ಮಿತಿ. ಪತ್ರಿಕಾ ಹೇಳಿಕೆಗೆ ಒಂದೇ ಸಂಖ್ಯೆ ಬೇಕೆಂದು ಸಂಸ್ಥೆಯವರು ಒತ್ತಾಯಿಸಿದಾಗ, ಕೊಡುವುದಾದರೆ ಕೆಳಮಿತಿಯನ್ನೇ ಕೊಡಿ, ಪಕ್ಕದಲ್ಲೇ ಸ್ಥಳೀಯ ಖರ್ಚಿನ ಊಹೆಯನ್ನೂ ಅಚ್ಚು ಮಾಡಿಸಿ ಎಂದು ಕೇಳಿಕೊಂಡೆ. ಎರಡು ಸಭೆಗಳ ನಂತರ ಅವರು ಒಪ್ಪಿದರು. ಅವರು ಮೊದಲ ದಿನ ತಂದಿದ್ದ ಮೊತ್ತ ಆ ಹೇಳಿಕೆಯಲ್ಲಿ ಇರಲಿಲ್ಲ.