ಕಾರ್ಗಿಲ್ ಟೈಮಲ್ಲಿ ಹಡಗಿನ ಅಡುಗೆಮನೆ: ನನ್ನ ಅನುಭವ

ದಾವಣಗೆರೆಯಲ್ಲಿ ನಾನು ನೇವಿಲಿದ್ದೆ ಅಂದ್ರೆ ಜನ ಮೊದ್ಲು ಕೇಳೋದು ಹಡಗು ಎಷ್ಟು ದೊಡ್ಡದಿತ್ತು ಅಂತ, ಆಮೇಲೆ ಕೇಳೋದು ಕಾರ್ಗಿಲ್ ಗುಡ್ಡದ ಮೇಲೆ ಯುದ್ಧ ಆಗ್ತಿದ್ರೆ ಸಮುದ್ರದಾಗೆ ನಿಮ್ಗೇನ್ ಕೆಲ್ಸ ಇತ್ತಪ್ಪಾ ಅಂತ. ಇತ್ತು ಕಣ್ರಿ. 1999ರಲ್ಲಿ ಆಪರೇಷನ್ ತಲ್ವಾರ್ ಅಂತ ನಡೀತು, ವೈಜಾಗ್ ಕಡೆ ಈಸ್ಟರ್ನ್ ಫ್ಲೀಟಿನ ಹಡಗುಗಳನ್ನೂ ಅರಬ್ಬೀ ಸಮುದ್ರಕ್ಕೆ ಕರೆಸ್ಕಂಡು ಎಲ್ಲಾ ಸೇರಿ ಉತ್ತರಕ್ಕೆ ಹೋಗಿ ನಿಂತ್ವಿ. ಪಾಕಿಸ್ತಾನಕ್ಕೆ ಎಣ್ಣೆ ಬರೋದು ಹೆಚ್ಚುಕಮ್ಮಿ ಎಲ್ಲಾ ಕರಾಚಿ ಮೇಲೇನೆ, ಆ ದಾರಿಲಿ ನಾವು ಓಡಾಡ್ತಿದ್ರೆ ಸಾಕು, ಅವ್ರಿಗೆ ನಿದ್ದೆ ಬರಲ್ಲ. ನಮ್ಮ ಹಡಗಿಂದ ಒಂದು ಗುಂಡೂ ಹಾರ್ಲಿಲ್ಲ. ನಾನು ಅದ್ರಲ್ಲಿ ಕುಕ್.

ನಾನು ಭರ್ತಿಯಾದಾಗ ಫಾರ್ಮಲ್ಲಿ ಜಿಲ್ಲೆ ಚಿತ್ರದುರ್ಗ ಅಂತ ಬರ್ದಿದ್ದೆ, 1997ರಲ್ಲಿ ದಾವಣಗೆರೆನೇ ಜಿಲ್ಲೆ ಆಯ್ತು, ಆಮೇಲೆ ಎಷ್ಟೋ ವರ್ಷ ಕಾಗದಪತ್ರದಾಗೆ ಅದೇ ರಗಳೆ. ಒಡಿಶಾದ ಚಿಲ್ಕಾದಲ್ಲಿ ಬೇಸಿಕ್ ಟ್ರೈನಿಂಗ್, ಮುಂಬೈ ಮಲಾಡಿನ ಐಎನ್ಎಸ್ ಹಮ್ಲಾದಲ್ಲಿ ಅಡುಗೆ ಟ್ರೈನಿಂಗ್.

ಯುದ್ಧನೌಕೆ ಅಡುಗೆಮನೆಗೆ ಗ್ಯಾಲಿ ಅಂತಾರೆ. ಅಲ್ಲಿ ಸಿಲಿಂಡರ್ ಇಲ್ಲ, ಬೆಂಕಿನೇ ಇಲ್ಲ, ಎಲ್ಲಾ ಕರೆಂಟಿನ ಹಾಟ್‌ಪ್ಲೇಟು, ಅನ್ನ ಬೇಳೆಗೆ ದೊಡ್ಡ ಸ್ಟೀಮ್ ಪಾತ್ರೆ. ಜೂನ್ ಜುಲೈನಲ್ಲಿ ಅರಬ್ಬೀ ಸಮುದ್ರ ಅಂದ್ರೆ ಮುಂಗಾರು, ಹರಪನಹಳ್ಳಿ ಬಸ್ಸಿನ ಲಾಸ್ಟ್ ಸೀಟಲ್ಲಿ ಕೂತ್ಕಂಡು ಚಪಾತಿ ಲಟ್ಟಿಸ್ದಂಗೆ ಇರುತ್ತೆ, ಅದೂ ಹಗ್ಲು ರಾತ್ರಿ. ಒಲೆ ಸುತ್ತ ಪಾತ್ರೆ ಜಾರದಂಗೆ ಕಬ್ಬಿಣದ ಅಡ್ಡಪಟ್ಟಿ ಇರ್ತಾವೆ. ಆದ್ರೂ ಯಾವ ಪಾತ್ರೆನೂ ಅರ್ಧಕ್ಕಿಂತ ಮೇಲೆ ತುಂಬ್ತಿರ್ಲಿಲ್ಲ, ಕಟಿಂಗ್ ಬೋರ್ಡಿನ ಕೆಳಗೆ ಒದ್ದೆ ಬಟ್ಟೆ ಹಾಸ್ತಿದ್ವಿ, ಒಬ್ಬ ಸೌಟು ತಿರುವಿದ್ರೆ ಇನ್ನೊಬ್ಬ ಅವನ ಬೆಲ್ಟ್ ಹಿಡ್ಕಂಡು ನಿಲ್ತಿದ್ದ. ಸಮುದ್ರ ಜೋರಾದಾಗ ಎಣ್ಣೆಲಿ ಕರಿಯೋದು ಬಂದ್. ಮಿರ್ಚಿ ಬಜ್ಜಿ ತಿಂದ್ಕಂಡು ಬೆಳ್ದ ಊರಿನವನಿಗೆ ಅದೊಂದು ಶಿಕ್ಷೆ, ಆದ್ರೆ ಕಾದ ಎಣ್ಣೆ ಬಾಣಲೆ ಪಲ್ಟಿ ಹೊಡೆದ್ರೆ ಗ್ಯಾಲಿಲಿ ಓಡಿ ಹೋಗಾಕೆ ಜಾಗ ಇಲ್ವಲ್ಲ.

ಸೊಪ್ಪು ಟೊಮೇಟೊ ಮೊದಲ ವಾರದಲ್ಲೇ ಖಾಲಿ, ಆಮೇಲೆ ಆಲೂ, ಈರುಳ್ಳಿ, ಬೇಳೆ, ಹಾಲಿನ ಪುಡಿ, ಡಬ್ಬದ ಮಾಲು. ಖಾಲಿ ಡಬ್ಬ ಸುಮ್ನೆ ಸಮುದ್ರಕ್ಕೆ ಎಸೆಯಂಗಿಲ್ಲ, ತೇಲಿದ್ರೆ ಹಡಗು ಹೋದ ದಾರಿ ಗೊತ್ತಾಗುತ್ತೆ, ತೂತು ಹೊಡ್ದು ಮುಳುಗ್ಸಬೇಕು. ಸಂಜೆ ಆದ್ಮೇಲೆ ಹೊರಗಡೆ ಒಂದು ಲೈಟಿಲ್ಲ, ಡೆಕ್ ಮೇಲೆ ಬೀಡಿ ಸಿಗರೇಟೂ ಇಲ್ಲ, ಒಳಗೆ ಕೆಂಪು ಬಲ್ಬು. ಆ ಕೆಂಪು ಬೆಳಕಲ್ಲಿ ಸಾರಿಗೆ ಖಾರ ಎಷ್ಟು ಬಿದ್ದಿದೆ ಅಂತ ಕಣ್ಣಿಗೆ ತಿಳಿಯಲ್ಲ, ನಾಲಿಗೆನೇ ಗತಿ. ನೀರಿಗಂತೂ ಕೇಳ್ಬೇಡಿ, ಸಮುದ್ರದ ನೀರನ್ನ ಹಡಗಲ್ಲೇ ಸಿಹಿ ಮಾಡ್ತಾರೆ, ಸ್ನಾನದ ನಲ್ಲಿ ಬಿಡೋದು ಸ್ವಲ್ಪ ಹೊತ್ತು. ಉಪ್ಪು ನೀರಲ್ಲಿ ಸೋಪು ನೊರೆನೇ ಬರಲ್ಲ.

ಆಕ್ಷನ್ ಸ್ಟೇಷನ್ ಅಲಾರಂ, ಅಂದ್ರೆ ಎಲ್ರೂ ಯುದ್ಧಕ್ಕೆ ರೆಡಿಯಾಗಿ ಅವ್ರವ್ರ ಜಾಗಕ್ಕೆ ಹೋಗಿ ಅನ್ನೋ ಗಂಟೆ ಬಂದ್ರೆ ಗ್ಯಾಲಿ ಆಫ್. ಕುಕ್ಕುಗಳು ಸುಮ್ನೆ ಕೂರಲ್ಲ, ಮುಖಕ್ಕೆ ಬಿಳಿ ಬಟ್ಟೆ ಮುಸುಕು, ಕೈಗೆ ಗ್ಲೌಸು ಹಾಕ್ಕಂಡು ಡ್ಯಾಮೇಜ್ ಕಂಟ್ರೋಲ್ ಪಾರ್ಟಿಗೆ ಹೋಗ್ಬೇಕು. ಹಡಗಿಗೆ ತೂತು ಬಿದ್ರೆ ಮರದ ಗೂಟ ಹೊಡ್ದು ಮುಚ್ಚೋದು, ಮರದ ತೊಲೆ ಕೊಟ್ಟು ಗೋಡೆ ನಿಲ್ಸೋದು, ನೀರು ಪಂಪ್ ಮಾಡೋದು. ಅದಕ್ಕೇ ಮೊದ್ಲೇ ರೊಟ್ಟಿಲಿ ಒಣ ಆಲೂ ಪಲ್ಯ ಸುತ್ತಿ, ಮೊಟ್ಟೆ ಬೇಯಿಸಿ, ಪೊಟ್ಟಣ ಕಟ್ಟಿ ಇಟ್ಟಿರ್ತಿದ್ವಿ, ಎಂಜಿನ್ ರೂಮಿನವ್ರಿಂದ ಹಿಡ್ದು ಮೇಲೆ ಹಡಗು ನಡೆಸೋ ಬ್ರಿಡ್ಜ್ ತನಕ ಅವ್ರವ್ರ ಜಾಗಕ್ಕೇ ಕೊಟ್ಟು ಬರೋದು. ಎಂಜಿನ್ ರೂಮಿನ ಹುಡುಗ್ರು ಊಟಕ್ಕಿಂತ ಮೊದ್ಲು ನಿಂಬೆಹಣ್ಣಿನ ಶರಬತ್ತಿಗೆ ಕೈ ಚಾಚ್ತಿದ್ರು, ಅಲ್ಲಿ ಕೆಳಗಿನ ಸೆಕೆ ಅಂಥದ್ದು.

ಭಯ ಇತ್ತಾ ಅಂತಾರೆ. ಹಗ್ಲಲ್ಲಿ ಇಲ್ಲ, ಕೈ ತುಂಬಾ ಕೆಲ್ಸ. ಒಂದ್ಸಲ ದಿಯು ಕಡೆ ಹಾಯೋವಾಗ ನಮ್ಮ ಸೀನಿಯರ್ ಒಬ್ರು, ಇಲ್ಲೇ ಕಣೋ ಕುಕ್ರಿ ಹೋಗಿದ್ದು ಅಂದ್ರು. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಸಬ್‌ಮೆರೀನು ಟಾರ್ಪಿಡೋ ಹೊಡ್ದು ಐಎನ್ಎಸ್ ಕುಕ್ರಿ ಮುಳುಗ್ಸಿತ್ತು, 18 ಆಫೀಸರ್‌ಗಳು 176 ಸೇಲರ್‌ಗಳು ಅದ್ರ ಜೊತೆಗೇ ಹೋದ್ರು, ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರ್ಲಿಲ್ಲ. ನಾವು ಮಲಗ್ತಿದ್ದ ಮೆಸ್ ನೀರಿನ ಮಟ್ಟಕ್ಕಿಂತ ಕೆಳಗೆ, ಒಂದರ ಮೇಲೊಂದು ಮೂರು ಬಂಕು. ಆವತ್ತು ರಾತ್ರಿ ಬಹಳ ಜನ ಶೂ ಬಿಚ್ಚಲಿಲ್ಲ.

ನಡುರಾತ್ರಿ ಹನ್ನೆರಡರಿಂದ ನಾಲ್ಕರ ವಾಚ್, ಅಂದ್ರೆ ಪಾಳಿ ಡ್ಯೂಟಿ, ಎಲ್ರಿಗೂ ಬೇಜಾರು. ಅವ್ರಿಗೆ ಚಹಾ ಜೊತೆ ಏನಾದ್ರೂ ಕೊಡ್ಬೇಕು, ನಾನು ರಜದಿಂದ ಬರೋವಾಗ ಒಂದು ಚೀಲ ಮಂಡಕ್ಕಿ ತಂದಿದ್ದೆ. ಸಮುದ್ರದ ತೇವಕ್ಕೆ ಅದು ಚರ್ಮ ಆಗಿಬಿಡುತ್ತೆ, ಹಾಟ್‌ಪ್ಲೇಟ್ ಮೇಲೆ ಒಣ ತಟ್ಟೆಲಿ ಹುರ್ದು ಗರಿಗರಿ ಮಾಡಿ, ಈರುಳ್ಳಿ, ಖಾರದಪುಡಿ, ಸ್ವಲ್ಪ ಎಣ್ಣೆ ಕಲ್ಸಿ ಕೊಟ್ರೆ ಪಂಜಾಬಿ ಹುಡುಗ್ರೂ ಮುಗಿಬಿದ್ದು ತಿನ್ನೋರು. ವಾಂತಿ ಆಗ್ತಿದ್ದವ್ರಿಗೆ ಅದೇ ಸರಿ, ಒಣ ತಿಂಡಿ ಮಾತ್ರ ಹೊಟ್ಟೆಲಿ ನಿಲ್ಲುತ್ತೆ.

ಮೊಬೈಲ್ ಇಲ್ದ ಕಾಲ, ಮನೆಗೆ ಕಾಗದ ಬರೆಯೋದು, ಆದ್ರೆ ಎಲ್ಲಿದೀವಿ ಅಂತ ಬರೆಯಂಗಿಲ್ಲ, ವಿಳಾಸ ಬರೀ ಫ್ಲೀಟ್ ಮೇಲ್ ಆಫೀಸ್ ಮುಂಬೈ. ಅವ್ವ ಟಿವಿಲಿ ಕಾರ್ಗಿಲ್ ಗುಡ್ಡ ನೋಡಿ ಸ್ವೆಟರ್ ಹಾಕ್ಕೋ ಅಂತ ಬರ್ಸಿದ್ಲು, ನಾನಿಲ್ಲಿ ಬನಿಯನ್ ಹಿಂಡ್ತಾ ಓದ್ದೆ.

ಈಗ ನಮ್ಮ ಕಡೆ ಹುಡುಗ್ರು ಅಗ್ನಿವೀರ್ ಎಂಆರ್ (ಹತ್ತನೇ ಕ್ಲಾಸ್ ಪಾಸಾದವ್ರ ಭರ್ತಿ) ಅಂತ ನೇವಿಗೆ ಅರ್ಜಿ ಹಾಕ್ತಾರೆ, ಶೆಫ್ ಅಂದ್ರೆ ಅಡುಗೆ ಕೆಲ್ಸ ಬಂತು ಅಂದ್ರೆ ಮುಖ ಸಪ್ಪಗೆ ಮಾಡ್ಕಂತಾರೆ. ಅಡುಗೆ ಬರಲ್ಲ ಅಂತ ಹೆದ್ರಬೇಡ್ರಪ್ಪಾ, ಅವ್ರೇ ಕಲಿಸ್ತಾರೆ. ಈಜು ಮಾತ್ರ ಇಲ್ಲೇ ಕಲ್ತ್ಕಂಡು ಹೋಗಿ, ಭದ್ರಾ ನಾಲೆಲಿ ಬೇಡ, ಸ್ವಿಮ್ಮಿಂಗ್ ಪೂಲಲ್ಲಿ.