ಥಂಡ್ಯಾಗ ಕೊರಮೀನ ಬಾಯಿ ಬಿಡಂಗಿಲ್ಲ ಅಂದವರಿಗೆ

ದೀಪಾವಳಿ ದಾಟಿತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಗಾಳದವರು ಕೋಲು ಅಟ್ಟಕ್ಕೆ ಹಾಕುತ್ತಾರೆ. ಮತ್ತೆ ಇಳಿಸುವುದು ಶಿವರಾತ್ರಿಗೆ. ನಡುವಿನ ಸುಮಾರು ನಾಲ್ಕು ತಿಂಗಳು ಹಳ್ಳದ ದಂಡೆಯಲ್ಲಿ ಯಾರಾದರೂ ಗಾಳ ಕೂರಿಸಿದ ರಬ್ಬರ್ ಕಪ್ಪೆ ಎಸೆಯುತ್ತ ನಿಂತರೆ ದಾರಿಹೋಕರು ಗಾಡಿ ನಿಲ್ಲಿಸಿ ಹೇಳುವ ಮಾತು ಒಂದೇ: "ಥಂಡ್ಯಾಗ ಕೊರಮೀನ ಬಾಯಿ ಬಿಡಂಗಿಲ್ಲ ತಮ್ಮಾ, ಮನೀಗ್ ನಡಿ." ಕಳೆದ ಥಂಡಿಯಲ್ಲಿ 22 ದಿನವೋ 23 ದಿನವೋ ಹೋಗಿದ್ದಕ್ಕೆ 31 ಕೊರಮೀನು ಬಂದವು. ದೊಡ್ಡದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 2.4 ಕಿಲೋ. ಗಾಡಿ ನಿಲ್ಲಿಸಿ ಬುದ್ಧಿ ಹೇಳುತ್ತಿದ್ದವರೇ ಈಗ "ಯಾವ ಜಾಗಾ?" ಅಂತ ಕೇಳುತ್ತಾರೆ. ಜಾಗ ಹೇಳುವುದಿಲ್ಲ, ಉಳಿದದ್ದು ಹೇಳುತ್ತೇನೆ.

ಮೊದಲ ಥಂಡಿಯ ಲೆಕ್ಕ ಮೊದಲು. 14 ದಿನಕ್ಕೆ ಒಂದೇ ಮೀನು, ಅದೂ ಅರ್ಧ ಕಿಲೋ. ಏಳಡಿಯ ಮೀಡಿಯಂ ಹೆವಿ ರಾಡ್ 2,800, ರೀಲ್ 2,200, 40 ಪೌಂಡಿನ ಬ್ರೇಡ್ (ಹೆಣೆದ ದಾರ) ಎರಡು ಉಂಡೆ 900. ರಬ್ಬರ್ ಕಪ್ಪೆ ಹನ್ನೊಂದು, ಒಂದಕ್ಕೆ 180ರಿಂದ 350. ಅದರಲ್ಲಿ ಏಳು ಜಾಲಿಮುಳ್ಳಿಗೂ ಬಂಡೆಸಂದಿಗೂ ಹೋದವು. ಪೆಟ್ರೋಲ್ ಸೇರಿಸಿದರೆ ಹತ್ತು ಸಾವಿರದ ಹತ್ತಿರ. ಸಂತೆಯಲ್ಲಿ ಕಿಲೋ 450ರಂತೆ ಹಿಡಿದರೂ ಆ ದುಡ್ಡಿಗೆ 22 ಕಿಲೋ ಜೀವಂತ ಕೊರಮೀನು ಬರುತ್ತಿತ್ತು. ಮನೆಯಲ್ಲಿ ಈ ಲೆಕ್ಕ ನನಗಿಂತ ಚೆನ್ನಾಗಿ ನೆನಪಿದೆ.

ತಪ್ಪು ಸಾಮಾನಿನಲ್ಲಿ ಇರಲಿಲ್ಲ, ಹೊತ್ತಿನಲ್ಲಿತ್ತು. ಮಳೆಗಾಲದ ರೂಢಿಯಂತೆ ಥಂಡಿಯಲ್ಲೂ ಬೆಳಗಿನ ಐದೂವರೆಗೆ ಹೋಗಿ ಎಂಟಕ್ಕೆ ವಾಪಸ್ ಬರುವುದು ನಡೆದಿತ್ತು. ಅಕ್ವೇರಿಯಂ ಅಂಗಡಿಯಲ್ಲಿ 80 ರೂಪಾಯಿಗೆ ಸಿಗುವ ಥರ್ಮಾಮೀಟರಿಗೆ ಒಂದು ನಟ್ ಕಟ್ಟಿ, ದಾರದಲ್ಲಿ ಬಿಟ್ಟು ನೋಡಿದ ಮೇಲೆ ಕಣ್ಣು ತೆರೆಯಿತು. ಡಿಸೆಂಬರ್ ಕೊನೆಗೆ ಬೆಳಿಗ್ಗೆ ಏಳಕ್ಕೆ ನೀರು 19–20 ಡಿಗ್ರಿ. ಮಧ್ಯಾಹ್ನ ಒಂದಕ್ಕೆ ಅದೇ ಹಳ್ಳದ ನಡುವೆ 22. ಬಿಸಿಲು ಬಿದ್ದ ದಂಡೆಯಲ್ಲಿ, ಮೊಳಕಾಲುದ್ದ ನೀರಿನಲ್ಲಿ 25, ಒಮ್ಮೊಮ್ಮೆ 26. ಮೀನು ಎಲ್ಲಿರುತ್ತದೆ ಅಂತ ಬೇರೆ ಕೇಳಬೇಕಿಲ್ಲ. ಈಗ ಊಟದ ಡಬ್ಬಿ ಕಟ್ಟಿಕೊಂಡು ಹನ್ನೊಂದಕ್ಕೆ ಹೊರಡುವುದು, ಮೂರೂವರೆಗೆ ಸಾಮಾನು ಕಟ್ಟುವುದು. ಹನ್ನೆರಡೂವರೆಯಿಂದ ಎರಡರವರೆಗೆ ಬಂದಷ್ಟು ಮೀನು ಉಳಿದ ಹೊತ್ತೆಲ್ಲ ಕೂಡಿಸಿದರೂ ಬಂದಿಲ್ಲ. ಮೋಡ ಮುಸುಕಿದ ದಿನ ಹೋಗಲೇಬೇಡಿ.

ಬಿಸಿಲಿನ ದಂಡೆ ಯಾವುದು ಅನ್ನುವುದರಲ್ಲೂ ಒಂದು ಸುಳಿ ಇದೆ. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಪೂರ್ವ–ಪಶ್ಚಿಮವಾಗಿ ಹರಿಯುವ ಹಳ್ಳ ಅಥವಾ ಬಸಿಗಾಲುವೆಯಲ್ಲಿ ದಕ್ಷಿಣ ದಂಡೆಯ ಬುಡ ದಿನವಿಡೀ ನೆರಳು, ಉತ್ತರ ದಂಡೆಯ ನೀರು ಕಾಯುತ್ತದೆ. ಹಾಗಾಗಿ ದಕ್ಷಿಣದಲ್ಲಿ ನಿಂತು ಉತ್ತರಕ್ಕೆ ಎಸೆಯಬೇಕು. ಆದರೆ ಆಗ ನಮ್ಮ ನೆರಳು ಮುಂದೆ ನೀರಿನ ಮೇಲೇ ಬೀಳುತ್ತದೆ, ಏರಿ ಎತ್ತರವಿದ್ದರೆ ಇನ್ನೂ ಉದ್ದಕ್ಕೆ. ಹತ್ತಡಿ ಹಿಂದೆ ಸರಿದು ಕೂತು ಎಸೆಯಿರಿ, ಇಲ್ಲವೇ ಜಾಲಿ ಗಿಡದ ನೆರಳಿನೊಳಗೆ ನಿಮ್ಮ ನೆರಳನ್ನು ಸೇರಿಸಿಬಿಡಿ. ಉತ್ತರ–ದಕ್ಷಿಣ ಹರಿಯುವ ಹಳ್ಳಗಳನ್ನು ನಾನು ಥಂಡಿಯಲ್ಲಿ ಬಿಟ್ಟೇ ಬಿಟ್ಟಿದ್ದೇನೆ. ಸಮಯ ದಂಡ.

ಎರೆ (ಕಪ್ಪು ಮಣ್ಣಿನ) ಹೊಲದ ಬಸಿಗಾಲುವೆಗೂ ಮಸಾರಿ (ಕೆಂಪು ಮಣ್ಣಿನ) ನೆಲದ, ಬಂಡೆಗಲ್ಲಿನ ಹಳ್ಳಕ್ಕೂ ಒಂದೇ ಪಾಠ ನಡೆಯುವುದಿಲ್ಲ. ಎರೆಯ ನೀರು ಕದಡಿರುತ್ತದೆ, ಬೇಗ ಕಾಯುತ್ತದೆ, ಮೀನು ಹತ್ತು ಹೆಜ್ಜೆ ದೂರದಲ್ಲೇ ಸಿಗುತ್ತದೆ. ಕಪ್ಪು ಕಪ್ಪೆ ಸಾಕು. ಮಳೆ ನಿಂತು ಎರಡು ತಿಂಗಳಾದ ಮೇಲೆ ಮಸಾರಿ ಹಳ್ಳದ ನೀರು ತಿಳಿಯಾಗಿ ತಳದ ಹರಳು ಕಾಣುತ್ತದೆ. ಅಲ್ಲಿ ದೂರದ ಎಸೆತ ಬೇಕು, ಹಸಿರು–ಕಂದು ಬಣ್ಣ ಬೇಕು, ಹೆಜ್ಜೆ ಸಪ್ಪಳ ಆಗಬಾರದು.

ಇನ್ನು ಪದ್ಧತಿ. ಎರಡು ಕೋಲು ಒಯ್ಯುತ್ತೇನೆ. ಒಂದರಲ್ಲಿ ಕಪ್ಪೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹುಳ. ಕಪ್ಪೆ ಮೀನನ್ನು ಹುಡುಕುವುದಕ್ಕೆ, ಹುಳ ಹಿಡಿಯುವುದಕ್ಕೆ. ಇಡೀ ಗುಟ್ಟು ಇಷ್ಟೇ, ಆದರೆ ಇಷ್ಟಕ್ಕೆ ಎರಡು ಥಂಡಿ ಹಿಡಿಯಿತು.

ಕಪ್ಪೆಯನ್ನು ಜೊಂಡಿನ ಸಂದಿಯಿಂದ ನಾಲ್ಕೈದು ಅಡಿ ಆಚೆಗೆ ಬೀಳಿಸಿ, ಎಳೆದು ತಂದು, ತೆರೆದ ನೀರು ಶುರುವಾಗುವ ಅಂಚಿನಲ್ಲಿ ನಿಲ್ಲಿಸುವುದು. ಮಳೆಗಾಲದಲ್ಲಿ ಮೂರು ಸೆಕೆಂಡ್ ನಿಲ್ಲಿಸುತ್ತಿದ್ದೆವು. ಥಂಡಿಯಲ್ಲಿ 15 ಸೆಕೆಂಡ್. ಕಡಿಮೆಯಲ್ಲ. ತೋಳಲ್ಲ, ಬರೀ ಮಣಿಕಟ್ಟು ಒಮ್ಮೆ ಕೊಡವಿ ಮತ್ತೆ 15 ಸೆಕೆಂಡ್. ಥಂಡಿಯ ಕೊರಮೀನು ಮಳೆಗಾಲದ ಹಾಗೆ ಧಡಕ್ಕನೆ ಎಗರುವುದಿಲ್ಲ. ಕಪ್ಪೆಯ ಕೆಳಗೆ ನೀರು ಬುಳುಕ್ ಅನ್ನುತ್ತದೆ, ಕಪ್ಪೆ ಅಲ್ಲೇ ತೇಲುತ್ತಿರುತ್ತದೆ. ಮೂಗಿನಿಂದ ದೂಡಿ ನೋಡಿ ಬಿಟ್ಟಿತು ಅಂತ ಅರ್ಥ. ಎಲ್ಲರೂ ಇಲ್ಲೇ ಕೆಡುವುದು: ಕಪ್ಪೆಯನ್ನು ಗರಗರ ಸುತ್ತಿಕೊಂಡು ಮತ್ತೆ ಅದೇ ಜಾಗಕ್ಕೆ ಎಸೆಯುತ್ತಾರೆ. ಎರಡನೇ ಸಲ ಅದು ತಿರುಗಿಯೂ ನೋಡುವುದಿಲ್ಲ.

ಹಾಗೆ ಮಾಡದೆ ಕಪ್ಪೆಯನ್ನು ಅಲ್ಲೇ ಬಿಡಿ. ಕೋಲು ಕೆಳಗಿಡಿ, ರೀಲಿನಲ್ಲಿ ದಾರ ತಡೆಯುವ ಬೇಲ್ ತಂತಿ ತೆರೆದಿಡಿ. ಎರಡನೇ ಕೋಲಿನ ಹುಳವನ್ನು ನೀರು ಕದಲಿದ ಜಾಗದಿಂದ ಒಂದು ಮೊಳ ಆಚೆಗೆ, ಅರ್ಧ ನಿಮಿಷದೊಳಗೆ ಬೀಳಿಸಿ. ಎಳೆಯಬೇಡಿ. ಮುಳುಗಲಿ. ಕಣ್ಣು ದಾರದ ಮೇಲಿರಲಿ. ದಾರ ಪಕ್ಕಕ್ಕೆ ಜಾರಲು ಶುರು ಮಾಡಿದರೆ ಮೀನು ಬಾಯಲ್ಲಿಟ್ಟುಕೊಂಡು ಹೊರಟಿದೆ ಅಂತ. ಒಂದಡಿ ಜಾರಲು ಬಿಟ್ಟು, ಸಡಿಲು ಸುತ್ತಿಕೊಂಡು, ಪಕ್ಕಕ್ಕೆ ಜಗ್ಗಿ. 31ರಲ್ಲಿ 19 ಹೀಗೇ ಬಂದದ್ದು.

ಬೇಲ್ ತಂತಿ ತೆರೆದಿಡಿ ಅಂದದ್ದು ಯಾಕೆಂದರೆ, ಹುಳ ಕಚ್ಚಿದ ಮೀನು ನೇರ ಕಪ್ಪೆಯ ದಾರದ ಕಡೆ ನುಗ್ಗುತ್ತದೆ. ಆ ದಾರ ಬಿಗಿಯಾಗಿದ್ದರೆ ಎರಡೂ ಬ್ರೇಡ್ ಒಂದನ್ನೊಂದು ಗರಗಸದಂತೆ ಕೊಯ್ಯುತ್ತವೆ. ಎರಡು ಒಳ್ಳೆ ಮೀನು ಹೀಗೆ ಹೋದವು. ಸಡಿಲಿದ್ದರೆ ಸುತ್ತಿಕೊಂಡರೂ ಬಿಡಿಸಬಹುದು.

ಹುಳದ ಕೋಲು ಆರೂವರೆ ಅಡಿ, ಮೀಡಿಯಂ, 20 ಪೌಂಡ್ ಬ್ರೇಡ್. ತುದಿಗೆ ಎರಡು ಮೊಳ 0.40 ಎಂ.ಎಂ. ಫ್ಲೋರೋಕಾರ್ಬನ್ ದಾರ. ಇದು ಮೀನಿನ ಹಲ್ಲಿಗಲ್ಲ, ನಮ್ಮ ಬಂಡೆಗಳಿಗೆ; ಬ್ರೇಡ್ ಗ್ರಾನೈಟ್ ಅಂಚಿಗೆ ಒಮ್ಮೆ ಉಜ್ಜಿದರೆ ಮುಗಿಯಿತು. 3/0 ಆಫ್‌ಸೆಟ್ ಗಾಳ, 10 ಸೆಂ.ಮೀ. ಉದ್ದದ ಕಪ್ಪು ಅಥವಾ ಗಾಢ ಹಸಿರು ಹುಳ. ಗಾಳದ ಮೊನೆ ಹುಳದ ಮೈಯೊಳಗೆ ಅಡಗಿರಬೇಕು, ಇಲ್ಲದಿದ್ದರೆ ಪ್ರತಿ ಎಸೆತಕ್ಕೂ ಒಂದು ಕಟ್ಟು ಜೊಂಡು ಮನೆಗೆ. ಸೀಸ ಹಾಕುವುದೇ ಇಲ್ಲ. ಗಾಳಿ ಜೋರಿದ್ದರೆ 2 ಗ್ರಾಂ, ಅಷ್ಟೇ. ಐದು ಗ್ರಾಂ ಹಾಕಿ ನೋಡಿದ್ದಾಗಿದೆ, ಹುಳ ಕೆಸರಿನಲ್ಲಿ ಹೂತುಹೋಗುತ್ತದೆ.

ಕಪ್ಪೆಯೂ ಅಂಗಡಿಯಿಂದ ಬಂದ ಹಾಗೇ ನಡೆಯುವುದಿಲ್ಲ. 16 ಗ್ರಾಮಿನ ದೊಡ್ಡದು ಬೇಡ, 5 ಸೆಂ.ಮೀ., 9–10 ಗ್ರಾಂ ಸಾಕು. ರಬ್ಬರ್ ಎಳೆಯ ಕಾಲುಗಳನ್ನು ಅರ್ಧಕ್ಕೆ ಕತ್ತರಿಸಿ. ಜೋಡಿ ಗಾಳವನ್ನು ಪಕ್ಕಡದಿಂದ ಒಂದು ಅಕ್ಕಿಕಾಳಿನಷ್ಟು ಹೊರಕ್ಕೆ ಬಗ್ಗಿಸಿ. ಹೆಚ್ಚಾದರೆ ಜೊಂಡು ಹಿಡಿಯುತ್ತದೆ, ಕಡಿಮೆಯಾದರೆ ಮೀನು ತಪ್ಪುತ್ತದೆ. ಗಾಳ ತೂರುವ ತೂತಿನಿಂದ ನೀರು ನುಗ್ಗಿ ಹತ್ತು ಎಸೆತಕ್ಕೆ ಕಪ್ಪೆ ಮುಳುಗುತ್ತದಲ್ಲ, ಅದಕ್ಕೆ ಫೆವಿಕ್ವಿಕ್ ಹಾಕಬೇಡಿ, ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸೈಕಲ್ ಪಂಕ್ಚರಿಗೆ ಹಾಕುವ ಸೊಲ್ಯೂಷನ್ ಎರಡು ಪದರ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಒಂದು ತಿಂಗಳು ಚಿಂತೆಯಿಲ್ಲ. ಬಾಲದ ಭಾಗ ನೀರಿನಲ್ಲಿ ಸ್ವಲ್ಪ ಇಳಿದು, ಮೂಗು ಮಾತ್ರ ಮೇಲೆ ಕಾಣುವಂತೆ ಹೊಟ್ಟೆಯೊಳಗೆ ಒಂದು ಭಾರ ಕೂರಿಸುತ್ತೇನೆ. ಏನು, ಎಷ್ಟು ಅನ್ನುವುದು ನನ್ನಲ್ಲೇ ಇರಲಿ. ಅಡುಗೆ ಮನೆಯಲ್ಲೇ ಸಿಗುವ ವಸ್ತು ಅಂತ ಮಾತ್ರ ಹೇಳಬಲ್ಲೆ.

ಕಪ್ಪೆಯನ್ನೇ ನುಂಗಿದರೆ ಕೂಡಲೇ ಜಗ್ಗಬಾರದು. ಶಿವ, ಶಿವ, ಶಿವ ಅಂತ ಮೂರು ಸಲ ಅಂದು ಆಮೇಲೆ. ಮಳೆಗಾಲದಲ್ಲಿ ಒಂದು ಶಿವ ಸಾಕು.

ಇನ್ನೊಂದು ಸೂಚನೆಯನ್ನು ಹೊಸಬರು ಗಮನಿಸುವುದಿಲ್ಲ: ಉಸಿರು. ಕೊರಮೀನು ಮೇಲೆ ಬಂದು ಗಾಳಿ ಗುಟುಕರಿಸದೆ ಬದುಕಲಾರದು. ಥಂಡಿಯಲ್ಲಿ ಅದು ಮೇಲೆ ಬರುವುದು ಅಪರೂಪ, ಬಂದರೂ ಮೆಲ್ಲಗೆ, ಉಂಗುರದಷ್ಟು ಅಲೆ. ಮೊದಲ ಅರ್ಧ ಗಂಟೆ ಕೋಲು ಮುಟ್ಟದೆ ಬರೀ ನೋಡುತ್ತ ಕೂತರೆ ಒಂದು ಮಡುವಿನಲ್ಲಿ ಎಷ್ಟು ಮೀನಿವೆ, ಯಾವ ಮೂಲೆಯಲ್ಲಿವೆ ಅನ್ನುವುದು ಗೊತ್ತಾಗುತ್ತದೆ. ಅಲೆ ಎದ್ದ ತಕ್ಷಣ ಅದರ ನೆತ್ತಿಗೇ ಎಸೆಯಬೇಡಿ. ಗುಟುಕರಿಸಿ ಕೆಳಗಿಳಿಯುವಾಗ ಬಿಡುವ ಗುಳ್ಳೆ ಯಾವ ಕಡೆ ಸಾಗಿತೋ ಆ ಕಡೆಗೆ ಎಸೆಯಿರಿ.

ದಾರಿ ತಪ್ಪಿದ ಪ್ರಯೋಗಗಳೂ ಇವೆ. ಹಳೇ ಹವಾಯಿ ಚಪ್ಪಲಿ ಕೊರೆದು ಮಾಡಿದ ಕಪ್ಪೆ ತೇಲುತ್ತದೆ, ಖರ್ಚಿಲ್ಲ, ಆದರೆ ಗಟ್ಟಿ. ಮೀನು ಕಚ್ಚಿದಾಗ ಒಳಗೆ ತಗ್ಗುವುದಿಲ್ಲ, ಗಾಳ ನೆಡುವುದಿಲ್ಲ. ಮಳೆಗಾಲದಲ್ಲಿ ನಡೆದೀತು. ಆಮೇಲೆ ಕಿನ್ನಾಳದ ಗೊಂಬೆ ಮಾಡುವ ಪೊಲ್ಕಿ ಮರದ ತುಂಡಿನಲ್ಲಿ ಮೀನಿನಾಕಾರ ಕೆತ್ತಿದೆ. ಹೂವಿನಂಥ ಹಗುರ ಮರ, ಚಾಕುವಿಗೆ ಬೆಣ್ಣೆಯಂತೆ ಬರುತ್ತದೆ. ಗೊಂಬೆಗೆ ಹಚ್ಚುವ ಹಾಗೆ ಹುಣಸೆಬೀಜದ ಅಂಟು ಬಳಿದು ಬಣ್ಣ ಕೊಟ್ಟೆ. ನೋಡಲು ಚೆಂದ. ನೀರಿಗೆ ಬಿದ್ದ ಕಾಲು ಗಂಟೆಯಲ್ಲಿ ಅಂಟು ಲೋಳೆಯಾಗಿ ಬಣ್ಣ ಹಳ್ಳಕ್ಕೆ ಹೋಯಿತು. ಗೊಂಬೆ ನೀರಿಗಿಳಿಯುವ ಸಾಮಾನಲ್ಲ ಅನ್ನುವುದು ಮೊದಲೇ ಹೊಳೆಯಬೇಕಿತ್ತು. ಎಪಾಕ್ಸಿ ಎರಡು ಪದರ ಹಾಕಿದ್ದು ಈಗಲೂ ಚೆನ್ನಾಗಿದೆ, ಒಂದು ಮೀನೂ ಕೊಟ್ಟಿಲ್ಲ, ಟಿ.ವಿ. ಪಕ್ಕದಲ್ಲಿಟ್ಟಿದ್ದೇನೆ. ಎರೆಹುಳು, ಬೆಂಡು ಕಟ್ಟಿ ಕೂತರೆ ಜಿಲೇಬಿ ಮೀನಿನ ಕಾಟ; ನಡುವೆ ಚೇಳುಮೀನು ಬಂದರೆ ಬರಿಗೈಯಲ್ಲಿ ಗಾಳ ಬಿಡಿಸಬೇಡಿ, ಅದರ ರೆಕ್ಕೆಮುಳ್ಳು ಚುಚ್ಚಿದರೆ ರಾತ್ರಿಯಿಡೀ ಕೈ ಸಿಡಿಯುತ್ತದೆ. ಜೀವಂತ ಕಪ್ಪೆ ನಾನು ಕಟ್ಟುವುದಿಲ್ಲ.

ಕಾಲುವೆಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಮೊದಲ ಬೆಳೆಯ ಭತ್ತ ಕೊಯ್ಲಾಗಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ನಿಂತಾಗ ಬಸಿಗಾಲುವೆಗಳು ಇಳಿದು, ಮೀನು ಮಡುಗಳಿಗೆ ಸೇರುತ್ತವೆ. ಆ ಎರಡು ಮೂರು ವಾರ ಥಂಡಿಯ ಸುಗ್ಗಿ. ಎರಡನೇ ಬೆಳೆಗೆ ನೀರು ಬಿಟ್ಟ ಮೇಲೆ ಹಳ್ಳ ಏರಿ ಕದಡಿ, ನಾಲ್ಕೈದು ದಿನ ಕೈಗೆ ಏನೂ ಹತ್ತುವುದಿಲ್ಲ. ನೀರು ಯಾವಾಗ ಅನ್ನುವುದನ್ನು ಪೇಪರಿನಲ್ಲಿ ಹುಡುಕುವುದಕ್ಕಿಂತ ನಿಮ್ಮ ತೂಬಿಗೆ ನೀರು ಬಿಡುವ ಲಷ್ಕರ್‌ಗೆ ಒಂದು ಚಹಾ ಕುಡಿಸುವುದು ಲೇಸು. ಗದ್ದೆಗೆ ಔಷಧ ಹೊಡೆದ ವಾರ ಆ ಬಸಿಗಾಲುವೆಯ ಮೀನು ಹಿಡಿದರೂ ತಿನ್ನಬೇಡಿ. ನೀರಿನ ಮೇಲೆ ಸಣ್ಣ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ಗಾಡಿಯಿಂದ ಇಳಿಯುವುದೂ ಬೇಡ. ಕೆರೆಗಳು ಟೆಂಡರಿನಲ್ಲಿರುತ್ತವೆ, ಹಿಡಿದವರನ್ನು ಕೇಳದೆ ಗಾಳ ಹಾಕಿದರೆ ಜಗಳ. ತುಂಗಭದ್ರಾ ಹೊಳೆಗಂತೂ ಹೋಗಬೇಡಿ: ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಮೇಲಾಗಿ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮೊಸಳೆಗಳೂ ಮಲಗಿರುತ್ತವೆ. ಥಂಡಿಯಲ್ಲಿ ಬಿಸಿಲಿನ ದಂಡೆ ಬೇಕಾದದ್ದು ನಮಗೊಬ್ಬರಿಗೇ ಅಲ್ಲ.

ಬಗೆಹರಿಯದ್ದು ಒಂದು ಉಳಿದಿದೆ. ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆಯಿರುವ ದೊಡ್ಡ ಜಾತಿ, ಆಳದ ಬಂಡೆಮಡುಗಳಲ್ಲಿ ಇರುವಂಥದ್ದು, ಬಿಸಿಲಿಗೆ ದಂಡೆಗೆ ಬರುವುದೇ ಇಲ್ಲ. ಅದಕ್ಕಾಗಿ ಏಳು ಗ್ರಾಂ ಸೀಸ ಕಟ್ಟಿ ಹುಳವನ್ನು ತಳಕ್ಕೆ ಇಳಿಸುತ್ತಿದ್ದೇನೆ. ಹೋದ ವಾರ ಒಂದೇ ಮಧ್ಯಾಹ್ನ ಮೂರು ಗಾಳ, ಮೂರು ಹುಳ ಬಂಡೆಸಂದಿಗೆ ಹೋದವು, 240 ರೂಪಾಯಿ. ನಾಲ್ಕನೆಯದನ್ನು ಏನೋ ಒಮ್ಮೆ ಹಿಡಿದು ಬಿಟ್ಟಿತು. ಹುಳದ ಬಾಲದಲ್ಲಿ ಹಲ್ಲಿನ ಗುರುತಿದೆ.